ಗಿಳಿಯೂ ನಾಯಿ, ಮೊಲವೂ ನಾಯಿ

ಹನ್ನೊಂದು ವರ್ಷದಿಂದ ಪಶುವೈದ್ಯರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತಿದ್ದೇನೆ. ಮೂರು ಸಲ ಬೆಕ್ಕು ಪರಚಿದೆ, ಒಂದು ಸಲ ಬೆಕ್ಕಿನ ಒಡತಿ. ಅಂಥ ನನ್ನನ್ನು ಡಾಕ್ಟರು ಕರೆದು, ಆರೈಕೆಯ ಸಲಹೆಗಳನ್ನು ಫೋನಿಗೆ ಕಳಿಸುವ ವೆಬ್ ಪುಟವೊಂದು ಬೇಕು, ಸೋಮವಾರದೊಳಗೆ ಮಾಡಿದರೆ ಸರಿ, ಇಲ್ಲದಿದ್ದರೆ ನಿನ್ನ ಕುರ್ಚಿಯಲ್ಲಿ ನನ್ನ ಅಳಿಯ ಕೂರುತ್ತಾನೆ ಎಂದರು. ಅಳಿಯನಿಗೆ ಕಂಪ್ಯೂಟರ್ ಗೊತ್ತಂತೆ. ಪ್ರಾಣಿ ಹತ್ತಿರ ಬಂದರೆ ಸೀನು ಬರುತ್ತದೆ ಎಂಬುದು ಅವನ ಇನ್ನೊಂದು ಅರ್ಹತೆ.

ಮೈಯೆಲ್ಲ ಉರಿದುಹೋಯಿತು. ಆ ಕುರ್ಚಿ ಬಿಟ್ಟರೆ ನನಗೆ ಬೇರೆ ಗತಿಯಿಲ್ಲ ಎಂಬುದೂ ಗೊತ್ತಿತ್ತು. ಪುಕ್ಕಟೆ ಪಾಠವೊಂದನ್ನು ಹಿಡಿದು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಕೂತೆ. ಮೊದಲ ದಿನವೇ ಮೂರು ವರ್ಷದ ಬೆಕ್ಕಿಗೆ ಒಂದು ವರ್ಷ ಕೂಡಿಸಿದರೆ ಮೂವತ್ತೊಂದು ಬಂತು. ಫಾರ್ಮಿನಲ್ಲಿ ತುಂಬಿದ ಮೂರನ್ನು ಅದು ಬರೀ ಅಕ್ಷರ ಎಂದುಕೊಂಡು, ಪಕ್ಕಕ್ಕೆ ಒಂದನ್ನು ಅಂಟಿಸಿತ್ತು. ಇದು ಸಂಖ್ಯೆ ಕಣಪ್ಪಾ ಎಂದು ಮೊದಲೇ ಹೇಳಿಕೊಡಬೇಕಂತೆ. ಒಂದನೇ ಕ್ಲಾಸಿನ ಮಗುವಿಗೆ ಇದಕ್ಕಿಂತ ಬುದ್ಧಿ ಇರುತ್ತದೆ. ಹಲ್ಲು ಕಚ್ಚಿ ಮುಗಿಸಿದೆ. ನಮ್ಮನೆ ನಾಯಿಯ ವಿವರ ಹಾಕಿ ನೋಡಿದೆ, ನಾಯಿಯ ಸಲಹೆ ಸರಿಯಾಗಿ ಬಂತು. ಶುಕ್ರವಾರವೇ ಚಾಲೂ ಮಾಡಿ ಬೀಗುತ್ತಾ ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಫೋನು ಬಡಿದುಕೊಳ್ಳತೊಡಗಿತು. ಗಿಳಿಗೆ ಎಷ್ಟು ಅಳತೆಯ ಕತ್ತುಪಟ್ಟಿ ತರಬೇಕು ಎಂದು ಒಬ್ಬರು. ಮೊಲಕ್ಕೆ ಕೋಳಿಮೂಳೆ ಕೊಡಬೇಡಿ ಅಂತ ಕಳಿಸಿದ್ದೀರಲ್ಲ, ನಾವು ಯಾವಾಗ ಕೊಟ್ಟಿದ್ದೆವು ಎಂದು ಇನ್ನೊಬ್ಬರು ಜಗಳಕ್ಕೇ ಬಂದರು. ತೆರೆದು ನೋಡಿದೆ. ಪ್ರಾಣಿ ನಾಯಿಯೇ ಎಂದು ಕೇಳಬೇಕಾದ ಸಾಲಿನಲ್ಲಿ ಮೂರು ‘=’ ಚಿಹ್ನೆ ಹಾಕುವ ಬದಲು ಒಂದನ್ನೇ ಹಾಕಿದ್ದೆ. ಮೂರು ಹಾಕಿದರೆ ಅದು ಎರಡೂ ಕಡೆ ಹೋಲಿಸಿ ನೋಡುತ್ತದೆ. ಒಂದೇ ಹಾಕಿದರೆ ಹೋಲಿಕೆಯೂ ಇಲ್ಲ, ಗೀಲಿಕೆಯೂ ಇಲ್ಲ, ಬಲಗಡೆಯದನ್ನು ಎಡಗಡೆಗೆ ತುರುಕಿ ಹೌದೆಂದು ತಲೆಯಾಡಿಸುತ್ತದೆ. ಹೀಗೆ ಊರಿನ ಸಕಲ ಜೀವರಾಶಿಯನ್ನೂ ನಾನು ನಾಯಿ ಮಾಡಿ ಕೂರಿಸಿದ್ದೆ.

ತಿದ್ದುವಷ್ಟರಲ್ಲಿ ಡಾಕ್ಟರು ಅಳಿಯನ ಸಮೇತ ಬಂದರು. ಅವನು ಸೀನುತ್ತಲೇ ನನ್ನ ಪರದೆಗೆ ಮೂಗು ತೂರಿಸಿ, ಇದು ಮೊದಲ ವಾರದ ಪಾಠ ಎಂದ. ಅದು ನಿಜವಾಗಿದ್ದರಿಂದ ಇನ್ನಷ್ಟು ಸಿಟ್ಟು ಬಂತು. ಮೇಜು ಖಾಲಿ ಮಾಡು ಎಂದರು ಡಾಕ್ಟರು. ಡ್ರಾಯರಿನಿಂದ ಬಾಚಣಿಗೆ, ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡೆ.

ಆಗ ನಿವೃತ್ತ ಪೋಸ್ಟ್‌ಮಾಸ್ಟರು ಆಮೆಯನ್ನು ಎತ್ತಿಕೊಂಡು ಬಂದರು. ಅದು ತಿಂಗಳಿಂದ ಮೇವು ಮುಟ್ಟಿರಲಿಲ್ಲ. ನಮ್ಮ ಸಲಹೆಯಂತೆ ದಿನಕ್ಕೆರಡು ಸಲ ವಾಕಿಂಗ್ ಕರೆದೊಯ್ದರಂತೆ. ಈ ಕಂಬದಿಂದ ಆ ಕಂಬಕ್ಕೆ ಒಂದೂವರೆ ಗಂಟೆ. ಬಿಸಿಲು ಬಿದ್ದದ್ದೇ ನಿನ್ನೆಯಿಂದ ಗಬಗಬ ತಿನ್ನುತ್ತಿದೆಯಂತೆ.

"ನಿಮ್ಮ ಮೂರು ಔಷಧೀಲಿ ಆಗದ್ದು ಇದ್ರಲ್ಲಾಯ್ತು. ಯಾರಿಗ್ರೀ ಹೊಳೀತು ಇದು?" ಎಂದರು.

ಡಾಕ್ಟರು ನನ್ನ ಕಡೆ ತಿರುಗಲೇ ಇಲ್ಲ. "ನಾನೇ ಹೇಳಿ ಬರೆಸಿದ್ದು."

ನಾನು ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತೆ. "ಹೌದು, ಸಾರ್ ಹೇಳಿದ ಹಾಗೇ ಬರ್ದಿದೀನಿ. ಬೇರೆಯವ್ರಿಗೆ ಏನೇನು ಬರೆಸಿದ್ರು ಅಂತಾನೂ ಇವ್ರಿಗೆ ತೋರಿಸ್ಲಾ, ಸಾರ್?"

ಡಾಕ್ಟರು ಕೆಮ್ಮಿದರು. ಆಮೇಲೆ ಅಳಿಯನ ಕಡೆ ತಿರುಗಿ, ಹಿರಿಯರು ನಿಂತೇ ಇದ್ದಾರೆ, ಒಳಗಿಂದ ಒಂದು ಕುರ್ಚಿ ತೆಗೆದುಕೊಂಡು ಬಾ ಎಂದರು.