ಹಮ್ಮಿಗಿಯ ಮೇಲೆ ಡ್ರೋನ್

ಡ್ರೋನ್ ಕಬ್ಬಿನ ಮೇಲೆ ಅರ್ಧ ಹೊಲ ದಾಟಿತ್ತಷ್ಟೆ, ಹೊಳೆಯ ಕಡೆಯಿಂದ ಜನ ಓಡಿಬರುವುದು ಆಯೇಶಾಳ ಕಣ್ಣಿಗೆ ಬಿತ್ತು. ಹೋದ ತಿಂಗಳು ಇದೇ ಹಮ್ಮಿಗಿ ಊರಿಗೆ ಅವಳು ಡ್ರೋನಿನಿಂದ ಬೆಳೆಗೆ ಔಷಧಿ ಹೊಡೆಯಲು ಬಂದಾಗಲೂ ಹೀಗೇ ಓಡಿಬಂದಿದ್ದರು. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು, ಡ್ರೋನ್ ಅಕ್ಕ ಎಂದು ಕರೆದು ಚಹಾ ಕೊಟ್ಟಿದ್ದರು. ಇಂದು ಕೈಯಲ್ಲಿ ಕಲ್ಲುಗಳಿದ್ದವು.

ಈ ನಡುವೆ ಗಡಿಯಲ್ಲಿ ಕಾಳಗ ಶುರುವಾಗಿತ್ತು. ಮನೆಮನೆಯ ಟಿವಿಯಲ್ಲೂ ಸೈರನ್ನಿನ ಸದ್ದಿನೊಂದಿಗೆ ಒಂದೇ ಮಾತು: ಮುಂದಿನ ಯುದ್ಧಕ್ಕೆ ಸೈನಿಕರೇ ಬೇಕಿಲ್ಲ, ಡ್ರೋನ್‌ಗಳು ಹಿಂಡುಗಟ್ಟಿ ಬರುತ್ತವೆ, ಮುಖ ಗುರುತಿಸಿ ಕೊಲ್ಲುತ್ತವೆ, ನೀರಿಗೆ ವಿಷ ಬೆರೆಸುತ್ತವೆ. ಕಂಪ್ಯೂಟರಿನಲ್ಲಿ ಮಾಡಿದ ಊರುಗಳು ಪರದೆಯ ಮೇಲೆ ಉರಿಯುತ್ತಲೇ ಇದ್ದವು.

"ಇಳಸಲೇ ಅದನ್ನ!" ಗುಂಪಿನ ಮುಂದಿದ್ದ ಅಂದಪ್ಪ, ಆಯೇಶಾಳ ಜೊತೆಗೆ ಬಂದಿದ್ದ ಅವಳ ಅಪ್ಪ ಕರೀಮಸಾಬನ ಮೇಲೆ ಏರಿಬಂದ. "ಹೊಳಿಗೆ ಏನ ಬಿಡಾಕ ಬಂದೀರಿ?"

"ಹುಳಕ್ಕ ಹೊಡಿಯೋ ಔಷಧಿ ಐತ್ರಿ ಅಣ್ಣಾರ," ಎಂದಳು ಆಯೇಶಾ. "ಹೊಲದ ಮಾಲಕರ ಕರಸ್ಯಾರ. ಅವರನ್ನ ಕೇಳ್ರಿ."

ಎಲ್ಲರೂ ಬದುವಿನ ಮೇಲೆ ನಿಂತಿದ್ದ ದೇವೇಂದ್ರಪ್ಪನತ್ತ ತಿರುಗಿದರು. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ಕರಸಿದ್ದು ಖರೆ. ಡಬ್ಬಿಯೊಳಗ ಏನೈತಿ ಅಂತ ನನಗೇನ ಗೊತ್ತು?"

ಡಬ್ಬಿಯನ್ನು ಅವನೇ ಮುಂಡರಗಿಯ ಅಂಗಡಿಯಿಂದ ತಂದು ಬೆಳಿಗ್ಗೆ ಅವಳ ಕೈಗೆ ಕೊಟ್ಟಿದ್ದ.

ಮೊದಲ ಕಲ್ಲು ಗುರಿ ತಪ್ಪಿತು. ಆಯೇಶಾ ಡ್ರೋನನ್ನು ಕೆಳಗಿಳಿಸತೊಡಗಿದಳು. ಅದು ತಲೆಯೆತ್ತರಕ್ಕೆ ಬಂದಾಗ ಕರೀಮಸಾಬ ಅಡ್ಡ ನಿಲ್ಲಲು ಓಡಿದ. ಇನ್ನೊಂದು ಕಲ್ಲು ರೆಕ್ಕೆಗೆ ಬಡಿಯಿತು. ಡ್ರೋನ್ ವಾಲಿ ನೆಲಕ್ಕಪ್ಪಳಿಸಿತು. ಟ್ಯಾಂಕು ಒಡೆದು ಔಷಧಿಯೆಲ್ಲ ಕರೀಮಸಾಬನ ಮುಖಕ್ಕೆ ಸಿಡಿಯಿತು. ಕಣ್ಣು ಹಿಡಿದುಕೊಂಡು ಅವನು ಕುಸಿದು ಕೂತ. ದೇವೇಂದ್ರಪ್ಪನ ಹೆಂಡತಿ ಕಸ್ತೂರೆವ್ವ ಒಬ್ಬಳೇ ಕೊಡ ಎತ್ತಿಕೊಂಡು ಓಡಿಬಂದಳು. ಉಳಿದವರು ಮೊಬೈಲು ಹಿಡಿದು ನಿಂತಿದ್ದರು.

ಸಂಜೆ ಗದಗಿನ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತಿದ್ದಾಗ ಗೋಡೆಯ ಟಿವಿಯಲ್ಲಿ ಅದೇ ಹೊಲ ಕಂಡಿತು. 'ತುಂಗಭದ್ರೆಯ ದಡದಲ್ಲಿ ನಿಗೂಢ ಡ್ರೋನ್. ಜಲದಾಳಿಯ ಸಂಚೇ?' ಪಕ್ಕದ ಹಾಸಿಗೆಯವರು ಆಯೇಶಾಳ ಮುಖ ನೋಡಿದರು, ಮತ್ತೆ ಟಿವಿ ನೋಡಿದರು.

ಪೊಲೀಸರು ಮರುದಿನವೇ ಆಯೇಶಾಳನ್ನು ಕರೆಸಿ, ಡ್ರೋನಿನ ಕಾಗದಪತ್ರ ನೋಡಿ, ಏನೂ ತಪ್ಪಿಲ್ಲವೆಂದು ಕಳಿಸಿದರು. ಅದು ಯಾವ ಟಿವಿಯಲ್ಲೂ ಬರಲಿಲ್ಲ. ಕರೀಮಸಾಬನ ಒಂದು ಕಣ್ಣು ಹೋಯಿತು.

ತಮ್ಮೂರು ಲಕ್ಷ್ಮೇಶ್ವರಕ್ಕೆ ಮರಳಿದ ಮೇಲೆ ಒಂದು ದಿನ ಆಯೇಶಾ ಮುರಿದ ಡ್ರೋನನ್ನು ಅಂಗಳಕ್ಕೆ ತಂದು, ಮಣ್ಣು ಮೆತ್ತಿದ ರೆಕ್ಕೆಗಳನ್ನು ತೊಳೆಯುತ್ತಿದ್ದಳು. ಎದುರು ಮನೆಯ ಗುಲಾಬಬಿ ಹೊಸ್ತಿಲಲ್ಲಿ ನಿಂತಿದ್ದಳು. ತಾಯಿಯಿಲ್ಲದ ಆಯೇಶಾಳಿಗೆ ತಲೆ ಬಾಚಿ ಬೆಳೆಸಿದವಳು, ಆಸ್ಪತ್ರೆಗೆ ದಿನವೂ ಬುತ್ತಿ ಕಳಿಸಿದವಳು.

"ಅದು ತಾನ ಎದ್ದು ಹಾರೂದಿಲ್ಲ, ಹೌದಲ್ಲ ಬೇಟಿ?"

"ಇಲ್ಲ ಖಾಲಾ."

"ಹಂಗಲ್ಲ, ಟಿವಿಯಾಗ ತೋರಸ್ತಿದ್ರು..."

ಗುಲಾಬಬಿ ನಕ್ಕಳು. ನಗುತ್ತಲೇ ಮೊಮ್ಮಗಳು ಅಫ್ರೀನಳನ್ನು ಸೆರಗಿನ ಹಿಂದೆ ಎಳೆದುಕೊಂಡು ಒಳಗೆ ಹೋದಳು. ಸದ್ದಾಗದಂತೆ ಬಾಗಿಲು ಮುಂದೆ ಮಾಡಿದಳು.