ಸನೋಬರಳ ಮನೆಯ ಹೊಲಿಗೆ ಯಂತ್ರ

ಮರ್ಗಿಲಾನ್ ಊರಿನ ರೇಷ್ಮೆ ಕಾರ್ಖಾನೆ ಮುಚ್ಚಿದ ಮೇಲೆ ರಾಹತ್ ಮನೆಯಲ್ಲೇ ಹೊಲಿಗೆಗೆ ಕೂತಳು. ಗಂಡ ತೀರಿಕೊಂಡಿದ್ದ, ಹೆಣ್ಣುಮಕ್ಕಳಿನ್ನೂ ಚಿಕ್ಕವರು. ಸೋವಿಯತ್ ಕಾಲದಲ್ಲಿ ಕೇಳದೆಯೇ ಸಿಗುತ್ತಿದ್ದ ಸಹಾಯಧನ ಈಗ ಬಡವರಿಗೆ ಮಾತ್ರ ಎಂದಾಗಿತ್ತು. ಯಾರು ಬಡವರೆಂದು ತೀರ್ಮಾನಿಸುವುದು ಮೊಹಲ್ಲಾ ಸಮಿತಿ, ಅಂದರೆ ಅದೇ ಬೀದಿಯ ಜನ. ಅವರು ಮನೆಯೊಳಗೆ ಬಂದು ಹಸು ಇದೆಯೇ, ಟಿವಿ ಇದೆಯೇ, ದುಡಿಮೆಗೆ ದಾರಿ ಇದೆಯೇ ಎಂದು ನೋಡುತ್ತಿದ್ದರು.

ಸಮಿತಿ ಬರುವ ಹಿಂದಿನ ದಿನ ರಾಹತ್ ತನ್ನ ಹೊಲಿಗೆ ಯಂತ್ರವನ್ನು ರಜಾಯಿಯಲ್ಲಿ ಸುತ್ತಿ ಪಕ್ಕದ ಮನೆಗೆ ಹೊತ್ತೊಯ್ದಳು. ಆ ಮನೆಯ ಸನೋಬರ್ ಕಾರ್ಖಾನೆಯಲ್ಲಿ ಅವಳ ಪಕ್ಕದ ಮಗ್ಗದಲ್ಲಿ ದುಡಿದವಳು.

"ನಿಮ್ಮತ್ತೆ ಕೇಳಿದ್ರೆ ಏನಂತೀಯ?"

"ಅವರಿಗೆ ಕಣ್ಣು ಮಂಜು. ಕುರಿಮರಿ ಅಂದ್ರೂ ನಂಬ್ತಾರೆ. ಇಡಕ್ಕ."

ರಾಹತಳಿಗೆ ಸಹಾಯಧನ ಮಂಜೂರಾಯಿತು. ಅಂದಿನಿಂದ ಅವಳು ಸನೋಬರಳ ಮನೆಯಲ್ಲಿ ಕೂತು ಕದ್ದು ಹೊಲಿಯುತ್ತಿದ್ದಳು.

ಚಳಿ ಶುರುವಾಗುವ ಮುಂಚೆ ಸನೋಬರಳ ಗಂಡನಿಗೆ ಹತ್ತಿ ಗಿರಣಿಯ ಕೆಲಸ ಹೋಯಿತು. ಅವಳೂ ಸಹಾಯಧನ ಕೇಳಿದಳು. ಸಮಿತಿಯವರು ಹೇಳದೆ ಕೇಳದೆ ಅವಳ ಮನೆಗೆ ನುಗ್ಗಿದರು. ಹೊರಗೆ ಬಂದ ಮುಖ್ಯಸ್ಥ ಖಾಬಿಲ್ ರಾಹತಳ ಬಾಗಿಲ ಮುಂದೆ ನಿಂತು, ಒಳಗೆ ಇಣುಕಿ ಹೋದ.

ಯಂತ್ರ ನನ್ನದೆಂದು ಸನೋಬರ್ ಹೇಳಿಬಿಟ್ಟಿದ್ದಾಳೆ ಎಂದುಕೊಂಡಳು ರಾಹತ್. ಯಂತ್ರವಿದ್ದ ಮನೆಯತ್ತ ಕಾಲಿಡುವುದನ್ನೇ ಬಿಟ್ಟಳು. ಬೀದಿಯ ತಂದೂರ್ ಒಲೆಯ ಹತ್ತಿರ ಸನೋಬರ್ ಎದುರಾದಳು.

"ಯಾಕಕ್ಕ, ಮುಖ ಆ ಕಡೆ?"

"ನನ್ನ ಮುಖ ಯಾಕೆ ನಿಂಗೆ? ಖಾಬಿಲಣ್ಣನ ಮುಖ ನೋಡ್ಕೊಂಡಿರು."

ಸನೋಬರ್ ರೊಟ್ಟಿಯನ್ನು ಒಲೆಯ ಗೋಡೆಗೆ ಬಡಿದಳು.

ಕೆಲವು ದಿನ ಕಳೆದು ಸನೋಬರಳ ಅತ್ತೆ ಕೋಲೂರಿಕೊಂಡು ರಾಹತಳ ಅಂಗಳಕ್ಕೆ ಬಂದಳು.

"ನಿನ್ನ ಯಂತ್ರ ತಗೊಂಡು ಹೋಗಮ್ಮ. ಅದು ತನ್ನದೇ ಅಂತ ನನ್ನ ಸೊಸೆ ಸಮಿತಿಯವರ ಮುಂದೆ ಹೇಳಿಬಿಟ್ಲು. ಹೊಲಿದು ದುಡಿಯೋಳಿಗೆ ಎಂಥಾ ಬಡತನ ಅಂದು ಅವರು ಸಹಾಯಧನ ಕೊಡದೆ ಎದ್ದು ಹೋದ್ರು. ನಂಗೆ ಕಣ್ಣು ಕಾಣಲ್ಲ, ಕಿವಿ ಚೆನ್ನಾಗೇ ಇದೆ."

ರಾಹತ್ ಅಂದೇ ಹೋಗಿ ಯಂತ್ರವನ್ನು ಮನೆಗೆ ತಂದಳು. ಮರುದಿನ ಬೆಳಿಗ್ಗೆ ಅದನ್ನು ತಳ್ಳುಗಾಡಿಗೆ ಹಾಕಿ, ಇಡೀ ಬೀದಿ ನೋಡುವಂತೆ ಸಮಿತಿಯ ಕೋಣೆಗೆ ತಳ್ಳಿಕೊಂಡು ಹೋದಳು.

"ಇದು ನಂದು, ಖಾಬಿಲಣ್ಣ. ಅವಳದಲ್ಲ."

"ನಂಗೆ ಆಗ್ಲೇ ಅನುಮಾನ ಬಂದಿತ್ತು. ಹಾಗಾದ್ರೆ ನಿನ್ನ ಸಹಾಯಧನ ಇವತ್ತಿಗೆ ನಿಂತ್ಹೋಯ್ತು."

"ಸನೋಬರ್‌ಗೆ?"

"ಸಮಿತಿ ಮುಂದೆ ಸುಳ್ಳು ಹೇಳಿದೋಳಿಗೆ ಹೆಂಗೆ ಕೊಡೋದು? ನಾಳೆ ಇಡೀ ಬೀದಿ ಸುಳ್ಳು ಹೇಳುತ್ತೆ."

"ಈಗ ಬೀದಿ ನಿಜ ಹೇಳ್ತಿದೆಯಾ?"

ಖಾಬಿಲ್ ಬಟ್ಟಲಿಗೆ ಚಹಾ ಬಗ್ಗಿಸಿಕೊಂಡ.

ಸುದ್ದಿ ತಿಳಿದ ಸನೋಬರ್ ಗೋಡೆಯಾಚೆಯಿಂದಲೇ ಬೈದಳು. "ನಿನ್ನ ಯಾರು ಕೇಳಿದ್ರಕ್ಕ? ಒಂದು ಮನೇಲಾದ್ರೂ ಒಲೆ ಉರೀತಿತ್ತು. ಈಗ ಎರಡೂ ತಣ್ಣಗಾಯ್ತು."

"ನೀನು ಹೇಳಿದ್ದೀಯ ಅಂದ್ಕೊಂಡಿದ್ದೆ ಕಣೆ."

"ಅದು ಗೊತ್ತು. ಅದೇ ನಂಗೆ ಬೇಜಾರು."

ಮುಂದಿನ ವಾರ ಖಾಬಿಲನ ಹೆಂಡತಿಯೇ ರಾಹತಳ ಮನೆಗೆ ಹಿತ್ತಲ ಬಾಗಿಲಿಂದ ಬಂದಳು, ಮಗಳ ಮದುವೆಗೆ ರಜಾಯಿಗಳು ಬೇಕೆಂದು. ಒಬ್ಬಳ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ರಾಹತ್ ಕರೆದಳು, ಸನೋಬರ್ ಬಂದು ಹತ್ತಿ ಹರವಿದಳು. ಆ ಚಳಿಗಾಲ ಎರಡು ಮನೆಗಳೂ ಆ ಕೆಲಸದಿಂದಲೇ ಉಂಡವು. ಆದರೆ ಸನೋಬರಳ ಅಂಗಳದಲ್ಲಿ ಹೊರಗಿನ ಗಂಡಸಿನ ದನಿ ಕೇಳಿದಾಗಲೆಲ್ಲ ರಾಹತ್ ಯಂತ್ರ ನಿಲ್ಲಿಸಿ, ಮಾತು ತನ್ನ ಬಗ್ಗೆಯೋ ಎಂದು ಕಿವಿಗೊಡುತ್ತಿದ್ದಳು.