ಕೇಳದೆ ತೆಗೆದ ಚಿತ್ರ

ಡಾಕ್ಟರನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ನೆಂಟರೆಲ್ಲ ತಮ್ಮ ತಮ್ಮ ಊರು ಸೇರಿದ್ದರು. ಆ ಬೆಳಿಗ್ಗೆ ಹಾಲು ಬಂತು, ನಲ್ಲಿಯಲ್ಲಿ ನೀರು ಬಂತು. ಆರಕ್ಕೆ ಡಾಕ್ಟರ ಮೊಬೈಲಿನ ಅಲಾರಂ ಹೊಡೆಯಿತು. ಹೆಂಡತಿ ಸುಮಂಗಲಾ ಅದನ್ನು ನಿಲ್ಲಿಸಿ, ಹಾಲು ಕಾಯಿಸಿಟ್ಟು, ಮೇಜಿನ ಮೇಲಿದ್ದ ನನ್ನನ್ನು ಚೀಲಕ್ಕೆ ಹಾಕಿಕೊಂಡರು.

ನಾನು ಒಂದು ಎಕ್ಸ್‌ರೇ ಫಿಲ್ಮು. ಹದಿಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಕತ್ತಲೆ ಕೋಣೆಯಲ್ಲಿ ಹುಟ್ಟಿದೆ. ನನ್ನ ಮೈಮೇಲೆ ಮೂಡಿದ್ದು ಒಬ್ಬ ಹೆಂಗಸಿನ ಸೊಂಟ. ತುಂಬಿದ ಕೊಡ ಎತ್ತಿ ನೋವು ಮಾಡಿಕೊಂಡಿದ್ದಳು. ಒಂದು ವಾರ ವಿಶ್ರಾಂತಿ ಸಾಕಿತ್ತು. ಹೊಸ ಡಾಕ್ಟರು ನೋಡಿದವರೇ ಎಕ್ಸ್‌ರೇಗೆ ಚೀಟಿ ಬರೆದರು. ಮುಟ್ಟು ಯಾವಾಗ ಆಗಿತ್ತೆಂದು ಕೇಳಲಿಲ್ಲ. ನನ್ನಲ್ಲಿ ಯಾವ ದೋಷವೂ ಕಾಣಲಿಲ್ಲ. ಅವಳು ಆಗ ಎರಡು ತಿಂಗಳ ಬಸುರಿ ಎಂಬುದು ಆಮೇಲೆ ತಿಳಿಯಿತು. ಅಷ್ಟು ಕಿರಣದಿಂದ ಕೂಸಿಗೆ ಅಪಾಯವಾಗುವ ಸಂಭವ ತೀರ ಕಡಿಮೆ. ಆದರೆ ಹೆದರಿದ ಮನೆಯವರು ಯಾರ ಮಾತೂ ಕೇಳದೆ ಗರ್ಭ ತೆಗೆಸಿದರು.

ಚೀಟಿ ಬರೆದವರು ವಿರೂಪಾಕ್ಷ ಹಂಚಿನಮನಿ, ಸುಮಂಗಲಾರ ಗಂಡ.

ಮುಂದೆ ಅವರು ಅಲ್ಲಿಯೇ ಹೊಸ ಡಾಕ್ಟರುಗಳಿಗೆ ಪಾಠ ಹೇಳುವವರಾದರು. ವರ್ಷಕ್ಕೊಮ್ಮೆ ದಾಖಲೆ ಕೋಣೆಯಿಂದ ನನ್ನನ್ನು ಎರವಲು ಒಯ್ಯುತ್ತಿದ್ದರು. ವಾಪಸು ಬರುವವರೆಗೆ ಕಪಾಟಿನ ನನ್ನ ಜಾಗದಲ್ಲಿ ಅವರ ಸಹಿಯಿದ್ದ ಕಾರ್ಡು ನಿಲ್ಲುತ್ತಿತ್ತು. ತರಗತಿಯಲ್ಲಿ ನನ್ನನ್ನು ಬೆಳಕಿಗೆ ಹಿಡಿದರೆ ಎಲ್ಲರೂ ಇಲ್ಲದ ಬಿರುಕು, ಇಲ್ಲದ ಸವೆತ ಹುಡುಕಿ ಹೇಳುತ್ತಿದ್ದರು. ಕೊನೆಗೆ ಅವರು, ಇದನ್ನು ತೆಗೆಯಲೇಬಾರದಿತ್ತು ಎಂದು ನನ್ನ ಜೊತೆಗೇ ಇಟ್ಟಿದ್ದ ಆ ಚೀಟಿ ಓದಲು ಕೊಡುತ್ತಿದ್ದರು. ಅದರಲ್ಲಿ ಅವಳ ಹೆಸರಿನ ಮೇಲೆ ಕಾಗದ ಅಂಟಿಸಿದ್ದರು. ತಮ್ಮದನ್ನು ಹಾಗೇ ಬಿಟ್ಟಿದ್ದರು.

ಈ ಸಲ ನನ್ನನ್ನು ವಾಪಸು ತಂದವರು ಸುಮಂಗಲಾ. ದಾಖಲೆ ಕೋಣೆಯ ಫಕೀರಪ್ಪ ಚೀಟಿ ನೋಡಿ ದನಿ ತಗ್ಗಿಸಿದ.

"ಅಕ್ಕಾರ, ಹಳೇ ಫಿಲ್ಮೆಲ್ಲಾ ಗುಜರಿಗೆ ಹೊಂಟಾವ್ರಿ. ಇದನ್ನೂ ಹಾಕಿಬಿಡ್ತೀನಿ. ಸರ್ ಹೋದ ಮ್ಯಾಲ ಅವರ ತಪ್ಪು ಮಂದಿ ಬಾಯಾಗ ಯಾಕ್ರಿ?"

ಸುಮಂಗಲಾ ನನ್ನ ಮೇಲೆ ಕೈಯಿಟ್ಟರು.

"ಅವರ ಕ್ಲಾಸು ಈಗ ಯಾರು ತಗೋತಾರ?"

"ಹೊಸ ಮೇಡಮ್ಮರು ಬಂದಾರ್ರಿ."

"ಅವರಿಗೆ ಕೊಡ್ರಿ. ಚೀಟಿ ಸೈತ. ನಮ್ಮವರ ಹೆಸರು ಮುಚ್ಚಬ್ಯಾಡ್ರಿ."

ಮೇಡಂ ಬಂದಾಗ ಕೊಡಲೆಂದು ಫಕೀರಪ್ಪ ಕಾರ್ಡು ಎಳೆದು ತೆಗೆದು ನನ್ನನ್ನು ಆ ಸಂದಿಗೆ ಸೇರಿಸಿದ. ನನ್ನ ಅಂಚು ಹಳದಿಯಾಗಿದೆ. ಆ ಮೇಡಂ ನನ್ನನ್ನು ಬೆಳಕಿಗೆ ಹಿಡಿಯುತ್ತಾರೋ ಇಲ್ಲವೋ, ತಿಳಿಯದು. ನನ್ನಲ್ಲಿ ನೋಡಲು ಏನೂ ಇಲ್ಲ. ಕೇಳಬೇಕಿದ್ದ ಒಂದು ಮಾತು ಮಾತ್ರ ಇದೆ.

ಕಾರ್ಡಿನಲ್ಲಿ ಗಂಡನ ಸಹಿಯ ಪಕ್ಕ, ವಾಪಸಾದ ದಿನ ಬರೆಯುವ ಜಾಗ ಖಾಲಿಯಿತ್ತು. ಸುಮಂಗಲಾ ಪೆನ್ನು ಕೇಳಿ ಪಡೆದು, ಆ ದಿನದ ತಾರೀಖು ಬರೆದರು.